ಹಸುಗೂಸಿಗೆ ಹಸುವಿನ ಹಾಲು ಒಗ್ಗದಿದ್ದಾಗ

(ಕೋಯಂಬೇಡಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಾಧ್ವ ಗೃಹಸ್ಥರ ಮನೆಯಲ್ಲಿ ಹಾಲಿಲ್ಲದ ದಿನವೆಂಬುದಿಲ್ಲ. ದೇವರ ಅಭಿಷೇಕಕ್ಕೆ ಹಾಲು, ಪಂಚಾಮೃತಕ್ಕೆ ಹಾಲು ಮೊಸರು ತುಪ್ಪ, ನೈವೇದ್ಯಕ್ಕೆ ಪಾಯಸ, ಊಟದ ಕೊನೆಗೆ ಮೊಸರನ್ನ, ಬಾಣಂತಿಗೆ ಹಾಲು ತುಪ್ಪ, ಮಗುವಿನ ಅನ್ನಪ್ರಾಶನಕ್ಕೆ ಮತ್ತೆ ಪಾಯಸ. ಇಂತಹ ಮನೆಯಲ್ಲಿ ಹುಟ್ಟಿದ ಒಂದು ಕೂಸಿಗೆ ಹಸುವಿನ ಹಾಲೇ ಒಗ್ಗುವುದಿಲ್ಲವೆಂದರೆ ಹಿರಿಯರು ನಂಬಲು ಹಿಂಜರಿಯುವುದು ಸಹಜ. ಆ ಹಿಂಜರಿಕೆಯಿಂದಾಗಿ ಮಗುವಿನ ತೊಂದರೆ ತಿಂಗಳುಗಟ್ಟಲೆ ಮುಂದುವರಿಯಬಾರದು ಎಂಬುದು ಈ ಉಪನ್ಯಾಸದ ಮೊದಲನೆಯ ಉದ್ದೇಶ. ಪ್ರತಿಯೊಂದು ಅಳುವಿಗೂ ಪ್ರತಿಯೊಂದು ವಾಂತಿಗೂ ಹಾಲೇ ಕಾರಣವೆಂದು ಭಾವಿಸಿ, ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಸುಮ್ಮನೆ ಹಾಲು ತಪ್ಪಿಸಬಾರದು ಎಂಬುದು ಎರಡನೆಯ ಉದ್ದೇಶ. ಇವೆರಡರಲ್ಲಿ ಯಾವುದನ್ನು ಮರೆತರೂ ಹಾನಿ ಮಗುವಿಗೇ.

ಅಲರ್ಜಿ ಎಂದರೇನು?

1906ರಲ್ಲಿ ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬುವರು ‘ಅಲರ್ಜಿ’ ಎಂಬ ಪದವನ್ನು ಬಳಕೆಗೆ ತಂದರು. ಶರೀರದಲ್ಲಿ ರೋಗಾಣುಗಳನ್ನು ಎದುರಿಸುವ ರಕ್ಷಣಾ ವ್ಯವಸ್ಥೆಯೊಂದಿದೆ. ಅದು ನಿರಪಾಯಕರವಾದ ವಸ್ತುವನ್ನು ಶತ್ರುವೆಂದು ತಪ್ಪಾಗಿ ತಿಳಿದು ಎದುರು ಬೀಳುವುದೇ ಅಲರ್ಜಿ. ಹಸುವಿನ ಹಾಲಿನ ವಿಷಯದಲ್ಲಿ ಹೀಗೆ ತಪ್ಪು ತಿಳಿವಳಿಕೆಗೆ ಗುರಿಯಾಗುವುದು ಅದರಲ್ಲಿರುವ ಪ್ರೋಟೀನುಗಳು. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಭಾಗ ಕೆಸೀನ್, ಉಳಿದ ಶೇ. 20 ಭಾಗ ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನುಗಳು. ಈ ಎರಡನೆಯ ಗುಂಪಿನಲ್ಲಿರುವ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬುದು ತಾಯಿಯ ದೇಹವು ತಯಾರಿಸುವ ಹಾಲಿನಲ್ಲಿ ಇಲ್ಲವೇ ಇಲ್ಲ. ಕೂಸಿನ ಕರುಳಿಗೆ ಅದು ಸಂಪೂರ್ಣ ಅಪರಿಚಿತ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅವಶ್ಯ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆ. ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ. ಮೊದಲನೆಯದು ಪಚನದ ಕೊರತೆ. ಹೊಟ್ಟೆಯುಬ್ಬರ, ನೀರಾದ ಭೇದಿ ಅದರ ಲಕ್ಷಣಗಳು. ಶಿಶುಗಳಲ್ಲಿ ಅದು ಬಹುಮಟ್ಟಿಗೆ ಭೇದಿರೋಗದ ತರುವಾಯ ತಾತ್ಕಾಲಿಕವಾಗಿ ಕಾಣಿಸಿಕೊಂಡು ಹೋಗುತ್ತದೆ. ತಾಯಿಯ ಹಾಲಿನಲ್ಲಿ ಸುಮಾರು ಶೇ. 7ರಷ್ಟು ಲ್ಯಾಕ್ಟೋಸ್ ಇದೆ. ಹಸುವಿನ ಹಾಲಿನಲ್ಲಿ ಅದಕ್ಕಿಂತ ಕಡಿಮೆ. ಆದ್ದರಿಂದ ಹಾಲಿನ ಅಲರ್ಜಿಯುಳ್ಳ ಮಗುವಿಗೆ ‘ಲ್ಯಾಕ್ಟೋಸ್ ರಹಿತ’ ಎಂದು ಬರೆದ ಹಾಲಿನ ಪುಡಿಯನ್ನು ಕೊಟ್ಟರೆ ಪ್ರಯೋಜನವಿಲ್ಲ. ಅದರಲ್ಲಿ ಸಕ್ಕರೆ ಹೋಗಿರುತ್ತದೆ, ಪ್ರೋಟೀನು ಹಾಗೆಯೇ ಇರುತ್ತದೆ.

ಎರಡು ವಿಧ, ಎರಡು ಕಾಲ

ಹಾಲಿನ ಅಲರ್ಜಿ ಎರಡು ರೀತಿಯಾಗಿ ಪ್ರಕಟವಾಗುತ್ತದೆ. ಮೊದಲನೆಯದು ಶೀಘ್ರವಾಗಿ ಬರುವಂತಹುದು. ಹಾಲು ಹೊಟ್ಟೆಗೆ ಸೇರಿದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದುಗಳೇಳುತ್ತವೆ. ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ವಾಂತಿ, ಕೆಮ್ಮು, ಉಬ್ಬಸ ಬರಬಹುದು. ರಕ್ತದಲ್ಲಿರುವ ಐಜಿಇ ಎಂಬ ಪ್ರತಿಕಾಯ ಇದಕ್ಕೆ ಕಾರಣ. ಈ ಪ್ರತಿಕಾಯವನ್ನು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿದ್ದ ಜಪಾನಿ ದಂಪತಿಗಳಾದ ಇಶಿಜಾಕಾ ಅವರೂ ಸ್ವೀಡನ್ನಿನ ವಿಜ್ಞಾನಿಗಳೂ ಪ್ರತ್ಯೇಕವಾಗಿ ಕಂಡುಹಿಡಿದರು.

ಎರಡನೆಯದು ನಿಧಾನವಾಗಿ ಬರುವಂತಹುದು. ಹಲವು ಗಂಟೆಗಳ ಅಥವಾ ಎರಡು ಮೂರು ದಿನಗಳ ಅನಂತರ ಕರುಳಿನಲ್ಲಿ ಇದರ ಪರಿಣಾಮ ತೋರುತ್ತದೆ. ಮಲದಲ್ಲಿ ಲೋಳೆ, ರಕ್ತದ ಎಳೆಗಳು, ಬಹುಕಾಲ ನಿಲ್ಲದ ಭೇದಿ, ತೂಕ ಏರದಿರುವುದು, ರಕ್ತಹೀನತೆ ಇವೆಲ್ಲ ಅದರ ರೂಪಗಳು. ಈ ಬಗೆಯಲ್ಲಿಯೇ ಒಂದು ತೀವ್ರ ರೂಪವುಂಟು. ಹಾಲು ಕುಡಿದ ಒಂದರಿಂದ ನಾಲ್ಕು ಗಂಟೆಗಳ ಒಳಗೆ ಮಗು ಬಿಟ್ಟೂಬಿಡದೆ ವಾಂತಿ ಮಾಡಿ, ಬಿಳಿಚಿಕೊಂಡು, ಸೋತು ಜೋಲುಬೀಳುತ್ತದೆ. ಸೋಂಕು ರಕ್ತಕ್ಕೇರಿದೆಯೆಂದು ವೈದ್ಯರೂ ಶಂಕಿಸುವಷ್ಟು ಅದು ಗಂಭೀರವಾಗಿ ತೋರುತ್ತದೆ.

ಈ ಅಲರ್ಜಿ ಎಷ್ಟು ಜನರಲ್ಲಿದೆ? ಯುರೋಪಿನ ಒಂಬತ್ತು ದೇಶಗಳಲ್ಲಿ 12,000ಕ್ಕೂ ಮಿಕ್ಕಿದ ಶಿಶುಗಳನ್ನು ಅನುಸರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದೊಳಗೆ 1,000ಕ್ಕೆ ಸುಮಾರು 5 ಮಕ್ಕಳಲ್ಲಿ ಮಾತ್ರ ಹಾಲಿನ ಅಲರ್ಜಿ ಪರೀಕ್ಷೆಯಿಂದ ದೃಢಪಟ್ಟಿತು. ಭಾರತದಲ್ಲಿ ಇದು ಪಾಶ್ಚಾತ್ಯರ ರೋಗವೆಂಬ ಭಾವನೆ ಬಹುಕಾಲವಿತ್ತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಇಂತಹ 40 ಮಕ್ಕಳ ವಿವರಗಳನ್ನು 2010ರಲ್ಲಿ ಪ್ರಕಟಿಸಿ, ಈ ದೇಶದಲ್ಲಿಯೂ ಇದನ್ನು ಗುರುತಿಸಬೇಕೆಂದು ತೋರಿಸಿಕೊಟ್ಟರು. 2020ರಲ್ಲಿ ಭಾರತೀಯ ಮಕ್ಕಳ ಜಠರಕರುಳು ತಜ್ಞರ ಸಂಘವು ಈ ಅಲರ್ಜಿಯ ನಿದಾನ ಮತ್ತು ಚಿಕಿತ್ಸೆಗೆ ಮಾರ್ಗಸೂಚಿಯನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ತಮಿಳುನಾಡಿನ ವೈದ್ಯರೂ ಇದ್ದರು.

ಒಂದು ದೃಷ್ಟಾಂತ

ಕೋಯಂಬೇಡಿನ ವಸತಿ ಸಮುಚ್ಚಯವೊಂದರಲ್ಲಿ ನೆಲೆಸಿದ ಕುಟುಂಬವೊಂದನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ತಾಯಿ ಉದ್ಯೋಗಕ್ಕೆ ಮರಳುವ ಕಾಲ ಬಂದಿದೆ. ಮಗುವಿಗೆ ಐದು ತಿಂಗಳು. ಅದುವರೆಗೆ ತಾಯಿಯ ಹಾಲನ್ನೇ ಕುಡಿದು ಪುಷ್ಟಿಯಾಗಿ ಬೆಳೆದಿದೆ. ಹಗಲು ಹೊತ್ತಿಗೆ ಅಜ್ಜಿ ಪೊಟ್ಟಣದ ಹಾಲನ್ನು ಕಾಯಿಸಿ, ಅರ್ಧ ನೀರು ಬೆರೆಸಿ, ಒಳಲೆಯಲ್ಲಿ ಕುಡಿಸಲಾರಂಭಿಸುತ್ತಾರೆ. ಒಂದೆರಡು ವಾರಗಳಲ್ಲಿ ಮಲ ಸಡಿಲವಾಗಿ ಲೋಳೆ ಬೀಳುತ್ತದೆ. ಆಮೇಲೆ ರಕ್ತದ ಎಳೆ ಕಾಣುತ್ತದೆ. ಆಮಶಂಕೆಯೆಂದು ಔಷಧ ಬರುತ್ತದೆ. ಔಷಧದ ದಿನಗಳಲ್ಲಿ ಹಾಲು ನಿಲ್ಲಿಸಿ ತಾಯಿಯ ಹಾಲು, ಗಂಜಿ ಕೊಡುತ್ತಾರೆ, ಮಗು ಚೇತರಿಸಿಕೊಳ್ಳುತ್ತದೆ. ಗುಣವಾಯಿತೆಂದು ಮತ್ತೆ ಹಾಲು ಆರಂಭಿಸುತ್ತಾರೆ, ಮತ್ತೆ ರಕ್ತ. ಎರಡನೆಯ ಔಷಧ, ಮೂರನೆಯ ಔಷಧ. ಹಲ್ಲು ಬರುತ್ತಿದೆಯೆಂದು ಒಬ್ಬರು, ದೃಷ್ಟಿ ತಗುಲಿತೆಂದು ಮತ್ತೊಬ್ಬರು, ಸೊಸೆ ಹೊರಗಿನ ತಿಂಡಿ ತಿಂದು ಹಾಲುಣಿಸಿದಳೆಂದು ಇನ್ನೊಬ್ಬರು. ಎಲ್ಲ ಮಾತುಗಳ ನಡುವೆ ಮಗುವಿನ ತೂಕ ಎರಡು ತಿಂಗಳಿನಿಂದ ನಿಂತಲ್ಲಿಯೇ ನಿಂತಿರುತ್ತದೆ.

ಈ ಮನೆಯಲ್ಲಿ ಯಾರೂ ತಪ್ಪಿತಸ್ಥರಲ್ಲ. ಅಜ್ಜಿ ತನ್ನ ಮಕ್ಕಳನ್ನು ಬೆಳೆಸಿದಂತೆಯೇ ಮೊಮ್ಮಗುವನ್ನೂ ನೋಡಿಕೊಂಡಿದ್ದಾರೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ: ತೊಂದರೆ ಆರಂಭವಾದುದು ಯಾವಾಗ, ಹಾಲು ಆರಂಭವಾದುದು ಯಾವಾಗ? ಒಂದು ಪುಸ್ತಕದಲ್ಲಿ ದಿನಾಂಕ, ಕೊಟ್ಟ ಆಹಾರ, ಅದರ ಪ್ರಮಾಣ, ಹೊತ್ತು, ವಾಂತಿ, ಮಲದ ಸ್ವರೂಪ, ಮೈಮೇಲಿನ ದದ್ದು, ವಾರದ ತೂಕ ಇಷ್ಟನ್ನು ಬರೆದಿಟ್ಟಿದ್ದರೆ, ಹಾಲು ನಿಂತಾಗ ರಕ್ತ ನಿಂತದ್ದೂ ಹಾಲು ಬಂದಾಗ ರಕ್ತ ಬಂದದ್ದೂ ಒಂದೇ ಪುಟದಲ್ಲಿ ಕಾಣುತ್ತಿತ್ತು. ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಬೇರೊಂದಿಲ್ಲ. ತಂದೆತಾಯಿಯರಿಗೆ ಉಬ್ಬಸ, ಇಸುಬು, ಅಲರ್ಜಿಯ ನೆಗಡಿ ಇದ್ದರೆ ಅದನ್ನೂ ತಿಳಿಸಬೇಕು.

ಹಾಲಲ್ಲದ ಕಾರಣಗಳು

ಮಲದಲ್ಲಿ ರಕ್ತ ಕಂಡೊಡನೆ ಹಾಲಿನ ಅಲರ್ಜಿಯೆಂದು ಮನೆಯಲ್ಲಿಯೇ ತೀರ್ಮಾನಿಸುವುದೂ ಅಪಾಯಕರ. ನಿಜವಾದ ಆಮಶಂಕೆಯಲ್ಲಿ ಜ್ವರವಿರಬಹುದು. ಮಲಬದ್ಧತೆಯಿಂದ ಗುದದ ಬಳಿ ಸೀಳು ಬಿದ್ದರೆ ಗಟ್ಟಿ ಮಲದ ಮೇಲೆ ರಕ್ತ ಅಂಟಿಕೊಂಡಿರುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ಕರುಳಿನ ಒಂದು ಭಾಗ ಮತ್ತೊಂದರೊಳಗೆ ತೂರಿಕೊಳ್ಳುವುದು. ಆಗ ಮಗು ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಬಿಟ್ಟುಬಿಟ್ಟು ಚೀರುತ್ತದೆ, ವಾಂತಿ ಮಾಡುತ್ತದೆ, ಕೆಂಪು ಲೋಳೆಯಂತಹ ಮಲ ಬರುತ್ತದೆ. ಅದಕ್ಕೆ ಗಂಟೆಗಳೊಳಗೆ ಆಸ್ಪತ್ರೆಯ ಚಿಕಿತ್ಸೆ ಬೇಕು.

ಇನ್ನು ಹಾಲು ಕುಡಿದ ಮೇಲೆ ಸ್ವಲ್ಪ ಕಕ್ಕುವುದು, ಎದೆಹಾಲು ಕುಡಿಯುವ ಕೂಸು ದಿನಕ್ಕೆ ಹಲವು ಬಾರಿ ಸಡಿಲ ಮಲ ಮಾಡುವುದು, ಸಂಜೆಯ ಹೊತ್ತಿನಲ್ಲಿ ಅಳುವುದು ಇವೆಲ್ಲ ಆರೋಗ್ಯವಂತ ಶಿಶುಗಳಲ್ಲಿಯೂ ಉಂಟು. ತೂಕ ಸರಿಯಾಗಿ ಏರುತ್ತಿದ್ದು, ಬೇರೆ ಲಕ್ಷಣವಿಲ್ಲದಿದ್ದರೆ ಇವುಗಳ ಆಧಾರದ ಮೇಲೆ ಅಲರ್ಜಿಯೆಂದು ಹೇಳಲಾಗದು. ವಿದೇಶಗಳಲ್ಲಿ ಇಂತಹ ಸಾಮಾನ್ಯ ಲಕ್ಷಣಗಳಿಗೂ ಅಲರ್ಜಿಯ ಹೆಸರಿಟ್ಟು ದುಬಾರಿ ಪುಡಿಗಳನ್ನು ಕೊಡಲಾಗುತ್ತಿದೆಯೆಂಬ ಆಕ್ಷೇಪಣೆ ವೈದ್ಯರಲ್ಲಿಯೇ ಎದ್ದಿದೆ. ಭಾರತದಲ್ಲಿ 1992ರ ಶಿಶು ಹಾಲು ಬದಲಿ ಕಾಯಿದೆ ಮತ್ತು ಅದರ 2003ರ ತಿದ್ದುಪಡಿಯು ಇಂತಹ ಪುಡಿಗಳ ಜಾಹೀರಾತನ್ನೇ ನಿಷೇಧಿಸಿದೆ ಎಂಬುದನ್ನು ತಂದೆತಾಯಿಯರು ಅರಿತಿರಬೇಕು.

ನಿದಾನದ ಕ್ರಮ

ಶೀಘ್ರ ವಿಧದ ಅಲರ್ಜಿಯಲ್ಲಿ ಎರಡು ಪರೀಕ್ಷೆಗಳು ಸಹಾಯಕವಾಗುತ್ತವೆ. ಚರ್ಮದ ಮೇಲೆ ಹಾಲಿನ ಸಾರದ ಹನಿಯಿಟ್ಟು ಸೂಜಿಯ ಮೊನೆಯಿಂದ ಮೆಲ್ಲಗೆ ಚುಚ್ಚಿ, ಸುಮಾರು 15 ನಿಮಿಷಗಳ ಬಳಿಕ ಏಳುವ ಗುಳ್ಳೆಯನ್ನು ಅಳೆಯುವುದು ಒಂದು. ರಕ್ತದಲ್ಲಿ ಹಾಲಿಗೆ ಸಂಬಂಧಿಸಿದ ಐಜಿಇಯನ್ನು ಅಳೆಯುವುದು ಇನ್ನೊಂದು. ಪರೀಕ್ಷೆ ಧನಾತ್ಮಕವಾಯಿತೆಂದ ಮಾತ್ರಕ್ಕೆ ರೋಗವಿದೆಯೆಂದಲ್ಲ. ಹಾಲು ಕುಡಿದು ಏನೂ ಆಗದ ಮಕ್ಕಳಲ್ಲಿಯೂ ಅದು ಧನಾತ್ಮಕವಾಗಬಹುದು. ನಿಧಾನ ವಿಧದಲ್ಲಿ ಈ ಎರಡೂ ಪರೀಕ್ಷೆಗಳು ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಹಾಗೆಂದು ರೋಗವಿಲ್ಲವೆಂದೂ ಅಲ್ಲ. ಅಂತಹ ಮಕ್ಕಳಲ್ಲಿ ಕೆಲವೊಮ್ಮೆ ತಜ್ಞರು ಕರುಳಿನ ಕೊನೆಯ ಭಾಗವನ್ನು ನಳಿಕೆಯಿಂದ ನೋಡಿ ಸಣ್ಣ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ. ಐಜಿಜಿ ಎಂಬ ಪ್ರತಿಕಾಯವನ್ನು ಅಳೆದು ನೂರಾರು ಆಹಾರಗಳ ಪಟ್ಟಿ ಕೊಡುವ ಪರೀಕ್ಷೆಗಳಿಂದ ಹಾಲಿನ ಅಲರ್ಜಿಯನ್ನು ನಿರ್ಣಯಿಸಲಾಗದು. ಅದಕ್ಕಾಗಿ ಹಣ ವ್ಯಯಿಸುವುದು ವ್ಯರ್ಥ.

ನಿಜವಾದ ನಿರ್ಣಯ ದೊರೆಯುವುದು ಬಿಡುವುದರಿಂದ ಮತ್ತು ಮರಳಿ ಕೊಡುವುದರಿಂದ. ರೈಲುಗಾಡಿಯ ಬ್ರೇಕ್ ಕೊಳವೆಯಲ್ಲಿ ಗಾಳಿ ಸೋರುತ್ತಿದ್ದರೆ ಬೋಗಿಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ ನೋಡುತ್ತಾರೆ. ದೋಷವುಳ್ಳ ಬೋಗಿಯನ್ನು ಬೇರ್ಪಡಿಸಿದಾಗ ಒತ್ತಡ ನಿಲ್ಲುತ್ತದೆ; ಮತ್ತೆ ಸೇರಿಸಿದಾಗ ಕುಸಿಯುತ್ತದೆ. ಎರಡೂ ಕಂಡಾಗಲೇ ದೋಷ ಅಲ್ಲಿಯೇ ಎಂಬುದು ಖಚಿತ. ಏಕಕಾಲದಲ್ಲಿ ನಾಲ್ಕು ಬೋಗಿಗಳನ್ನು ತೆಗೆದರೆ ಯಾವುದರಲ್ಲಿ ದೋಷವೆಂಬುದು ತಿಳಿಯದು. ಮಗುವಿನ ಆಹಾರದಲ್ಲಿಯೂ ಇದೇ ನ್ಯಾಯ. ವೈದ್ಯರ ಸೂಚನೆಯಂತೆ ಹಸುವಿನ ಹಾಲನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸಂಪೂರ್ಣವಾಗಿ ನಿಲ್ಲಿಸಬೇಕು. ಲಕ್ಷಣಗಳು ಶಮನವಾಗದಿದ್ದರೆ ಬಹುಮಟ್ಟಿಗೆ ಕಾರಣ ಬೇರೆ. ಶಮನವಾದರೆ ಹಾಲನ್ನು ಕ್ರಮವಾಗಿ ಮರಳಿ ಕೊಟ್ಟು ನೋಡಬೇಕು. ಲಕ್ಷಣಗಳು ಮರುಕಳಿಸಿದರೆ ಅಲರ್ಜಿ ದೃಢ. ಮರುಕಳಿಸದಿದ್ದರೆ ಅಲರ್ಜಿಯಿಲ್ಲ, ಹಾಲು ಮುಂದುವರಿಯಬಹುದು. ಈ ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುವುದರಿಂದಲೇ ಅನೇಕ ಮಕ್ಕಳಿಗೆ ಇಲ್ಲದ ರೋಗದ ಹೆಸರು ಅಂಟಿಕೊಳ್ಳುತ್ತದೆ.

ಮರಳಿ ಕೊಡುವ ಪರೀಕ್ಷೆಯನ್ನು ಮನೆಯಲ್ಲಿ ಸ್ವಂತ ಧೈರ್ಯದಿಂದ ಮಾಡಲಾಗದು. ಹಿಂದೆ ದದ್ದು, ಊತ, ಉಬ್ಬಸ ಅಥವಾ ತೀವ್ರ ವಾಂತಿ ಬಂದಿದ್ದ ಮಗುವಿಗೆ ಅದು ಆಸ್ಪತ್ರೆಯಲ್ಲಿಯೇ ನಡೆಯಬೇಕು. ಅಲ್ಲಿ ತುಟಿಗೆ ಒಂದು ಹನಿಯಿಂದ ಆರಂಭಿಸಿ 1, 3, 10, 30, 100 ಮಿಲಿಲೀಟರುಗಳಂತೆ ಸುಮಾರು ಅರ್ಧ ಗಂಟೆಗೊಮ್ಮೆ ಹೆಚ್ಚಿಸುತ್ತ ಹೋಗುವುದು ಒಂದು ಪದ್ಧತಿ. ಚೆನ್ನೈಯಲ್ಲಿ ಮಕ್ಕಳಿಗಾಗಿಯೇ ಇರುವ ಆಸ್ಪತ್ರೆಗಳಿವೆ. ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆ, ನುಂಗಂಬಾಕ್ಕಂನ ಕಂಚಿ ಕಾಮಕೋಟಿ ಚೈಲ್ಡ್ಸ್ ಟ್ರಸ್ಟ್ ಆಸ್ಪತ್ರೆ ಕೋಯಂಬೇಡಿನವರಿಗೆ ದೂರವೇನಲ್ಲ.

ಯಾವುದೇ ಹೊತ್ತಿನಲ್ಲಿ ಮಗುವಿಗೆ ಉಸಿರಾಟ ಕಷ್ಟವಾದರೆ, ನಾಲಿಗೆ ಊದಿದರೆ, ಧ್ವನಿ ಕುಗ್ಗಿದರೆ, ಮಗು ಬಿಳಿಚಿ ಜೋಲುಬಿದ್ದರೆ 108ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಓಡಬೇಕು. ಅಂತಹ ಸ್ಥಿತಿಯಲ್ಲಿ ಜೀವ ಉಳಿಸುವುದು ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಅಲರ್ಜಿಯ ಸಿರಪ್ಪನ್ನು ಕುಡಿಸಿ ಕಾದು ಕುಳಿತರೆ ಅಮೂಲ್ಯವಾದ ಕಾಲ ವ್ಯರ್ಥವಾಗುತ್ತದೆ.

ತಾಯಿಯ ಹಾಲು ನಿಲ್ಲಬಾರದು

ತಾಯಿ ಸೇವಿಸಿದ ಹಾಲಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೂ ಬರುತ್ತದೆ. ಆದ್ದರಿಂದ ಎದೆಹಾಲನ್ನು ಮಾತ್ರ ಕುಡಿಯುವ ಕೆಲವು ಕೂಸುಗಳಲ್ಲಿಯೂ ಈ ಅಲರ್ಜಿ ಕಾಣಬಹುದು. ಆಗ ಎದೆಹಾಲು ನಿಲ್ಲಿಸಬೇಕೆಂಬುದು ತಪ್ಪು ತಿಳಿವಳಿಕೆ. ಎದೆಹಾಲು ಮುಂದುವರಿಯಬೇಕು, ವೈದ್ಯರು ಹೇಳಿದಷ್ಟು ಕಾಲ ತಾಯಿ ಹಾಲಿನ ಪದಾರ್ಥಗಳನ್ನು ಬಿಡಬೇಕು.

ಚಾತುರ್ಮಾಸ್ಯದ ವ್ರತಗಳನ್ನು ನಡೆಸುವ ಮನೆಗಳಿಗೆ ಇದು ಹೊಸದಲ್ಲ. ಶ್ರಾವಣ ಶುಕ್ಲದಿಂದ ಭಾದ್ರಪದ ಶುಕ್ಲದವರೆಗೆ ದಧಿವ್ರತ, ಅಲ್ಲಿಂದ ಆಶ್ವಯುಜ ಶುಕ್ಲದವರೆಗೆ ಕ್ಷೀರವ್ರತ. ಒಂದೊಂದು ತಿಂಗಳು ಒಂದೊಂದನ್ನು ಬಿಟ್ಟು ಅಡಿಗೆ ಮಾಡುವ ಶಿಸ್ತು ಈ ಮನೆಯ ಹೆಂಗಸರಿಗೆ ಕರಗತವಾಗಿದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ದಧಿವ್ರತದಲ್ಲಿ ಹಾಲುಂಟು, ಕ್ಷೀರವ್ರತದಲ್ಲಿ ಮೊಸರುಂಟು, ತುಪ್ಪವಂತೂ ಎರಡರಲ್ಲಿಯೂ ಉಂಟು. ವೈದ್ಯರು ಹೇಳುವ ಪಥ್ಯದಲ್ಲಿ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಖೋವಾ, ಪನೀರು ಎಲ್ಲವೂ ಒಟ್ಟಿಗೆ ಹೋಗಬೇಕು. ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಉಳಿದಿರಬಹುದಾದುದರಿಂದ ಪರೀಕ್ಷೆಯ ಅವಧಿಯಲ್ಲಿ ಅದನ್ನೂ ಬಿಡುವುದು ಕ್ಷೇಮ. ಅಂಗಡಿಯ ಬಿಸ್ಕತ್ತು, ಬ್ರೆಡ್ಡು, ಡಬ್ಬಿಯ ಶಿಶು ಆಹಾರಗಳ ಚೀಟಿಯಲ್ಲಿ ಹಾಲಿನ ಘನಾಂಶ, ಕೆಸೀನ್, ವೇ ಎಂಬ ಹೆಸರುಗಳಿವೆಯೇ ಎಂದು ನೋಡಬೇಕು. ಹಾಲಿನಂತಹ ಅಲರ್ಜಿಕಾರಕಗಳನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಸೂಚಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ವಿಧಿಸಿವೆ.

ಬಾಣಂತಿಯ ಪುಷ್ಟಿ ಕುಂದಬಾರದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಅಧಿಕ ಸುಣ್ಣದಂಶವಿದೆ. ಎಳ್ಳು, ಹುರುಳಿ, ಬೇಳೆಗಳು, ಕೋಯಂಬೇಡು ಮಾರುಕಟ್ಟೆಗೆ ದಿನವೂ ಬೆಳಗಿನ ಜಾವ ಬಂದಿಳಿಯುವ ಹಸಿರು ಸೊಪ್ಪುಗಳು ಇವನ್ನು ಆಹಾರದಲ್ಲಿ ಹೆಚ್ಚಿಸಬೇಕು. ಸುಣ್ಣದಂಶ ಮತ್ತು ಡಿ ಜೀವಸತ್ತ್ವದ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು.

ಬದಲಿ ಹಾಲಿನ ಪ್ರಶ್ನೆ

ಹಿರಿಯರು ಕೇಳುವ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬೇಕು. ಮೇಕೆಯ ಹಾಲು ಆಗಬಹುದೇ? ಆಗದು, ಅದರ ಪ್ರೋಟೀನುಗಳು ಹಸುವಿನ ಹಾಲಿನವುಗಳನ್ನು ಬಹಳಷ್ಟು ಹೋಲುವುದರಿಂದ ಬಹುಪಾಲು ಮಕ್ಕಳಲ್ಲಿ ಅದೇ ತೊಂದರೆ ಬರುತ್ತದೆ. ಎಮ್ಮೆಯ ಹಾಲಿಗೂ ಇದೇ ಮಾತು. ನಾಟಿ ಹಸುವಿನ ಹಾಲು, ಎ2 ಹಾಲು? ಎ1 ಮತ್ತು ಎ2 ವಿಧಗಳ ಭೇದವು ಬೀಟಾ ಕೆಸೀನ್ ಎಂಬ ಒಂದು ಪ್ರೋಟೀನಿನ ಒಂದು ಅಮೈನೋ ಆಮ್ಲದಲ್ಲಿ ಮಾತ್ರ. ಉಳಿದ ಪ್ರೋಟೀನುಗಳೆಲ್ಲ ಅಲ್ಲಿಯೇ ಇರುತ್ತವೆ. ಚೆನ್ನಾಗಿ ಕಾಯಿಸಿದರೆ? ಕೆಸೀನ್ ಕುದಿಯುವ ಶಾಖಕ್ಕೆ ನಾಶವಾಗುವಂತಹುದಲ್ಲ. ನೀರು ಬೆರೆಸಿದರೆ? ಅಲರ್ಜಿ ಹೋಗದು, ಪೋಷಣೆ ಮಾತ್ರ ಕುಗ್ಗುತ್ತದೆ. ತೆಂಗಿನ ಹಾಲು, ಅಕ್ಕಿಗಂಜಿ ಒಂದು ವರ್ಷದೊಳಗಿನ ಮಗುವಿಗೆ ಹಾಲಿನ ಸ್ಥಾನ ತುಂಬಲಾರವು.

ಎದೆಹಾಲು ಸಾಲದ ಮಕ್ಕಳಿಗೆ, ಪ್ರೋಟೀನನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಪುಡಿಯನ್ನು ವೈದ್ಯರು ಸೂಚಿಸುತ್ತಾರೆ. ತೀವ್ರ ಸ್ಥಿತಿಯಲ್ಲಿ ಅಮೈನೋ ಆಮ್ಲಗಳಿಂದಲೇ ಮಾಡಿದ ಪುಡಿ ಬೇಕಾಗಬಹುದು. ಇವು ದುಬಾರಿ. ಆರು ತಿಂಗಳು ದಾಟಿದ ಮಗುವಿಗೆ ಶಿಶುಗಳಿಗೆಂದೇ ತಯಾರಿಸಿದ ಸೋಯಾ ಪುಡಿ ಕೈಗೆಟಕುವ ಮಾರ್ಗವಾಗಬಹುದು. ಆದರೆ ಕೆಲವರಿಗೆ ಸೋಯಾ ಕೂಡ ಒಗ್ಗದಿರುವುದರಿಂದ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ದೇವರ ಮನೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಲರ್ಜಿಯಿರುವ ಮಗುವಿನ ಬಾಯಿಗೆ ಪ್ರೀತಿಯಿಂದ ಹಾಕುವ ಒಂದು ಉದ್ಧರಣೆ ಪಂಚಾಮೃತವೂ ಅಪಾಯವಾಗಬಹುದು. ಅದರಲ್ಲಿರುವ ಜೇನುತುಪ್ಪವನ್ನಂತೂ ಒಂದು ವರ್ಷದೊಳಗಿನ ಯಾವ ಮಗುವಿಗೂ ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಅನ್ನಪ್ರಾಶನಕ್ಕೆ ಮೊದಲೇ ಪುರೋಹಿತರಿಗೂ ಬಂಧುಗಳಿಗೂ ವಿಷಯ ತಿಳಿಸಿ ಹಾಲಿಲ್ಲದ ಅನ್ನವನ್ನು ಸಿದ್ಧಪಡಿಸಿಕೊಂಡರೆ ಯಾರಿಗೂ ಮುಜುಗರವಿಲ್ಲ.

ಮುಂದಿನ ದಿನಗಳು

ಈ ಕಥೆಯ ಸಂತೋಷದ ಭಾಗವೆಂದರೆ, ಬಹುಪಾಲು ಮಕ್ಕಳಲ್ಲಿ ಈ ಅಲರ್ಜಿ ತಾನಾಗಿಯೇ ತೊಲಗುತ್ತದೆ. ಮಲದಲ್ಲಿ ರಕ್ತ ಮಾತ್ರ ಕಾಣುವ ಸೌಮ್ಯ ವಿಧದಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ಹಾಲು ಒಗ್ಗುವುದುಂಟು; ಉಳಿದವರಲ್ಲಿ ಹೆಚ್ಚಿನವರು ಮೂರರಿಂದ ಐದು ವರ್ಷದೊಳಗೆ ಗುಣ ಕಾಣುತ್ತಾರೆ. ಆದ್ದರಿಂದ ಆರು ತಿಂಗಳಿಂದ ವರ್ಷಕ್ಕೊಮ್ಮೆ ವೈದ್ಯರಲ್ಲಿ ಮರುಪರೀಕ್ಷೆಯಾಗಬೇಕು. ಒಮ್ಮೆ ಬಿಟ್ಟ ಹಾಲನ್ನು ಭಯದಿಂದ ಬಾಲ್ಯವಿಡೀ ಬಿಡಿಸುವುದು ಬೇಡ. ಮಗು ಕೇಳಿತೆಂದು ಹಬ್ಬದ ದಿನ ಒಂದು ಪೇಡೆ ಕೊಟ್ಟು ಪರೀಕ್ಷಿಸುವುದೂ ಬೇಡ.

ಹಾಲಿನಲ್ಲಿ ದೋಷವಿಲ್ಲ, ಮಗುವಿನಲ್ಲಿ ದೋಷವಿಲ್ಲ, ಹಡೆದ ತಾಯಿಯಲ್ಲಂತೂ ದೋಷವಿಲ್ಲವೇ ಇಲ್ಲ. ಒಂದು ಎಳೆಯ ದೇಹಕ್ಕೆ ಒಂದು ಆಹಾರವನ್ನು ಪರಿಚಯ ಮಾಡಿಕೊಳ್ಳಲು ಇನ್ನಷ್ಟು ಕಾಲ ಬೇಕಾಗಿದೆ, ಅಷ್ಟೆ. ಆ ಕಾಲವನ್ನು ಮನೆಯವರೆಲ್ಲರೂ ಕೂಡಿ ತಾಳ್ಮೆಯಿಂದ ಕಳೆಯಬೇಕು. ಮಗುವಿನ ಮಲದಲ್ಲಿ ರಕ್ತ ಕಂಡಿದ್ದರೆ, ಹಾಲು ಕುಡಿದಾಗಲೆಲ್ಲ ಮೈ ದದ್ದೇಳುತ್ತಿದ್ದರೆ, ತೂಕ ನಿಂತಿದ್ದರೆ, ಈ ಪುಟವನ್ನು ಓದಿದ ಮನೆಯವರು ನಾಳೆಯವರೆಗೆ ಕಾಯದೆ ಇಂದೇ ದಿನಾಂಕಗಳನ್ನು ಬರೆದುಕೊಂಡು ಮಕ್ಕಳ ವೈದ್ಯರನ್ನು ಕಾಣಲಿ. ಎಲ್ಲರ ಮನೆಯ ಕೂಸುಗಳೂ ಆಯುರಾರೋಗ್ಯವಂತರಾಗಿ ಬೆಳೆಯಲಿ.

ಶ್ರೀಕೃಷ್ಣಾರ್ಪಣಮಸ್ತು